302 ದೊಡ್ಡದೋ, 260 ದೊಡ್ಡದೋ?

ನಿನ್ನೆ ಇಡೀ ದಿನ ವುಡ್‌ವರ್ಡ್ ಅವೆನ್ಯೂವಿನ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತು, ಮುಖ ಮೂತಿ ಎಲ್ಲ ಬಿಸಿಲಿಗೆ ಕೆಂಪಾಗಿ, ಅದಕ್ಕಿಂತ ಹೆಚ್ಚಾಗಿ ಸಿಟ್ಟಿನಿಂದ ಕೆಂಪಾಗಿ ಮನೆಗೆ ಬಂದಿದ್ದೇನೆ. ಆಗಸ್ಟ್ ತಿಂಗಳ ಮೂರನೆಯ ಶನಿವಾರ ನಾನು ಎಲ್ಲಿರುತ್ತೇನೆ ಎಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. 1995ರಲ್ಲಿ ಫರ್ನ್‌ಡೇಲಿನ ಮಕ್ಕಳ ಫುಟ್‌ಬಾಲ್ ಮೈದಾನವೊಂದಕ್ಕೆ ಹಣ ಕೂಡಿಸಲೆಂದು ಆರಂಭವಾದ ಈ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆ ಈಗ ಡೆಟ್ರಾಯಿಟ್ ಸೀಮೆಯ ಜಾತ್ರೆಯೇ ಆಗಿದೆ. ನಮ್ಮೂರಿನ ತೇರನ್ನು ತಪ್ಪಿಸಿಕೊಂಡ ವರ್ಷಗಳುಂಟು, ಇದನ್ನು ತಪ್ಪಿಸಿಕೊಂಡಿದ್ದು ಕಡಿಮೆ.

ಸಿಟ್ಟಿಗೆ ಕಾರಣ ಇಷ್ಟೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಎದುರಿನ ಪಾರ್ಕಿಂಗ್ ಜಾಗದಲ್ಲಿ ಎರಡು ಕಪ್ಪು ಕಾರುಗಳು ಒಂದರ ಪಕ್ಕ ಒಂದು ನಿಂತವು: 1996ರ ಷೆವ್ರೊಲೆ ಇಂಪಾಲಾ ಎಸ್‌ಎಸ್, 2003ರ ಮರ್ಕ್ಯುರಿ ಮರಾಡರ್. ಎರಡೂ ಹಡಗಿನಂಥ ಸೆಡಾನುಗಳು, ಎರಡಕ್ಕೂ ಮುಂದೆ ವಿ8 ಎಂಜಿನ್, ಎಳೆತ ಹಿಂದಿನ ಚಕ್ರಗಳದ್ದು, ಬಾಡಿ ಕುಳಿತಿರುವುದು ಲಾರಿಗೆ ಇರುವಂತೆ ಬೇರೆಯೇ ಚಾಸಿಸ್‌ನ ಮೇಲೆ. ಎರಡರ ವಂಶವೂ ಪೊಲೀಸರದ್ದು ಮತ್ತು ಟ್ಯಾಕ್ಸಿಯವರದ್ದು. ಒಂದು ಷೆವ್ರೊಲೆಯದೇ ಕಪ್ರೀಸ್ ಕಾರಿನ ತಮ್ಮ, ಇನ್ನೊಂದು ಫೋರ್ಡಿನ ಕ್ರೌನ್ ವಿಕ್ಟೋರಿಯಾದ ದಾಯಾದಿ. ಇಷ್ಟು ಸೊಗಸಾದ ಜೋಡಿಯನ್ನು ಒಟ್ಟಿಗೆ ನೋಡುವ ಭಾಗ್ಯಕ್ಕೆ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಆಗ ಕನ್ನಡ ಕೂಟದಲ್ಲಿ ಪರಿಚಯವಾಗಿದ್ದ ಹುಡುಗನೊಬ್ಬ ಬಂದು, ಫೋನಿನಲ್ಲಿ ಎರಡು ಸಲ ಬೆರಳಾಡಿಸಿ, ತೀರ್ಪು ಕೊಟ್ಟುಬಿಟ್ಟ: "ಅಂಕಲ್, ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಮರಾಡರಿಗೆ 302 ಹಾರ್ಸ್‌ಪವರ್, ಇಂಪಾಲಾಕ್ಕೆ 260. 302 ದೊಡ್ಡದೋ, 260 ದೊಡ್ಡದೋ?"

302 ದೊಡ್ಡದಪ್ಪಾ, ಒಪ್ಪಿದೆ. ಒಂದನೇ ಕ್ಲಾಸಿನ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಆ 302 ಎಂಬುದು ಎಂಜಿನ್ನು ನಿಮಿಷಕ್ಕೆ 5750 ಸುತ್ತು ತಿರುಗುವಾಗ ಮಾತ್ರ ಸಿಗುವ ಸಂಖ್ಯೆ ಎಂಬುದನ್ನು ಅದೇ ಫೋನಿನಲ್ಲಿ, ಅದೇ ಸಾಲಿನಲ್ಲಿ, ಪಕ್ಕದಲ್ಲೇ ಬರೆದಿರುತ್ತಾರೆ. ಅಲ್ಲಿಗೆ ಕಣ್ಣು ಹೋಗುವುದಿಲ್ಲ. ಸಿಗ್ನಲಿನಲ್ಲಿ ನಿಂತ ಕಾರಿನ ಎಂಜಿನ್ನು ತಿರುಗುವುದು ಏಳುನೂರರ ಆಸುಪಾಸಿನಲ್ಲಿ. ಅಲ್ಲಿಂದ 5750ಕ್ಕೆ ಹೋಗುವವರೆಗಿನ ದಾರಿಯಲ್ಲಿ ಏನು ನಡೆಯುತ್ತದೆ ಎಂಬುದೇ ಪಂದ್ಯ. ಕೊನೆಯ ಮೆಟ್ಟಿಲಿನ ಎತ್ತರವನ್ನಷ್ಟೇ ಹೇಳಿ ಇಡೀ ಏಣಿಯನ್ನು ಅಳೆದೆವು ಎನ್ನುವವರ ಜೊತೆ ನಾನು ಹೇಗೆ ಮಾತಾಡಲಿ?

ನಮ್ಮ ತಂದೆ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು ಎಂಬುದು ಹಳೆಯ ಸ್ನೇಹಿತರಿಗೆ ಗೊತ್ತು. ಅವರು ಯಾವ ಗಾಡಿಯನ್ನು ಕಂಡರೂ "ಎಷ್ಟು ಹಾರ್ಸ್‌ಪವರ್" ಎಂದು ಕೇಳಿದ್ದನ್ನು ನಾನು ಕಾಣೆ. "ಎಳೀತದಾ?" ಎನ್ನುತ್ತಿದ್ದರು, ಅಷ್ಟೇ. ಆ ಎಳೆತಕ್ಕೆ ಪುಸ್ತಕದಲ್ಲಿ ಟಾರ್ಕ್ ಎಂದು ಹೆಸರು. ಹಾರ್ಸ್‌ಪವರ್ ಎಂಬುದು ಅದರಿಂದಲೇ ಹುಟ್ಟುವ ಲೆಕ್ಕ: ಅಮೆರಿಕದ ಪೌಂಡ್-ಅಡಿ ಅಳತೆಯಲ್ಲಿರುವ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 5252ರಿಂದ ಭಾಗಿಸಿದರೆ ಬರುವ ಉತ್ತರ. ಆದ್ದರಿಂದ ಎಳೆತ ಕಡಿಮೆಯಿದ್ದರೂ ಎಂಜಿನ್ನನ್ನು ಜೋರಾಗಿ ತಿರುಗಿಸಿ ದೊಡ್ಡ ಹಾರ್ಸ್‌ಪವರ್ ತೋರಿಸಬಹುದು. ಮರಾಡರ್ ಮಾಡುವುದು ಅದನ್ನೇ. ಅದರ ಎಂಜಿನ್ನು ಕೇವಲ 4.6 ಲೀಟರಿನದು, ನಾಲ್ಕು ಕ್ಯಾಮ್‌ಶಾಫ್ಟ್, 32 ವಾಲ್ವ್‌ಗಳಿರುವುದರಿಂದ ಮೇಲಿನ ಸುತ್ತುಗಳಲ್ಲಿ ಚೆನ್ನಾಗಿ ಉಸಿರಾಡುತ್ತದೆ. ಅದರ ಗರಿಷ್ಠ ಟಾರ್ಕ್ 318 ಪೌಂಡ್-ಅಡಿ, ಅದೂ 4250 ಸುತ್ತಿಗೆ. ಇಂಪಾಲಾದ ಎಲ್‌ಟಿ1 ಎಂಜಿನ್ನಿನದು 5.7 ಲೀಟರ್, ಹಳೆಯ ಕಾಲದ ಪುಷ್‌ರಾಡ್ ವಿನ್ಯಾಸ, ಸಿಲಿಂಡರಿಗೆ ಎರಡೇ ವಾಲ್ವ್. 5000 ಸುತ್ತಿಗೇ ಅದರ 260 ಹಾರ್ಸ್‌ಪವರ್ ಮುಗಿದುಹೋಗುತ್ತದೆ. ಆದರೆ 330 ಪೌಂಡ್-ಅಡಿಯ ಟಾರ್ಕನ್ನು ಅದು ಮರಾಡರಿಗಿಂತ ಸಾವಿರಕ್ಕೂ ಹೆಚ್ಚು ಸುತ್ತು ಕೆಳಗೇ ಕೈಗೆ ಕೊಟ್ಟುಬಿಟ್ಟಿರುತ್ತದೆ. ಒಂದು ಮುಕ್ಕಾಲು ಟನ್ ದಾಟಿದ ಕಾರನ್ನು ನಿಂತಲ್ಲಿಂದ ಎಬ್ಬಿಸುವುದು ಅದೇ ಟಾರ್ಕು.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಜಾಣ, ಬಿಡಲಿಲ್ಲ. "ಗೇರ್ ಇದೆಯಲ್ಲ ಅಂಕಲ್, ಮರಾಡರಿಗೆ ಹಿಂದೆ 3.55, ಇಂಪಾಲಾಕ್ಕೆ ಬರೀ 3.08" ಎಂದ. ನಿಜಕ್ಕೂ ಖುಷಿಯಾಯಿತು; ಫೋನಿನ ಎರಡನೆಯ ಸಾಲನ್ನಾದರೂ ಓದಿದ್ದಾನೆ! ಹಿಂದಿನ ಅಚ್ಚಿನಲ್ಲಿರುವ ಕ್ರೌನ್-ಪಿನಿಯನ್ ಗೇರಿನ ಅನುಪಾತ ಹೆಚ್ಚಿದ್ದರೆ ಕಡಿಮೆ ಟಾರ್ಕಿನ ಕೊರತೆ ತುಂಬಿಬರುತ್ತದೆ ಎಂಬುದು ಸರಿಯಾದ ಮಾತೇ. ಆದರೆ ಚಕ್ರ ನೆಲ ಮುಟ್ಟುವವರೆಗೂ ಲೆಕ್ಕ ಮುಗಿಯುವುದಿಲ್ಲ ತಮ್ಮಾ. ಇಂಪಾಲಾದ ಟೈರು 255/50, 17 ಇಂಚಿನ ರಿಮ್ಮಿನದು; ಅದರ ಒಟ್ಟು ಎತ್ತರ ಸುಮಾರು 27 ಇಂಚು. ಮರಾಡರಿನ ಹಿಂದಿನ ಟೈರು 245/55, 18 ಇಂಚಿನ ರಿಮ್ಮಿನದು, ಎತ್ತರ 28.6 ಇಂಚು. ನೋಡಲು ಎಷ್ಟು ಭರ್ಜರಿ! ಆದರೆ ಟೈರು ಎತ್ತರವಾದಷ್ಟೂ ಗೇರಿನ ಪ್ರಯೋಜನ ಕಳೆದುಹೋಗುತ್ತದೆ. ಇಂಪಾಲಾದ ಟೈರಿನ ಅಳತೆಗೆ ಇಳಿಸಿ ನೋಡಿದರೆ ಮರಾಡರಿನ 3.55 ಎಂಬುದು 3.36ರಷ್ಟೇ ಆಗುತ್ತದೆ. ಅದರ ಮೇಲೆ ಗೇರ್‌ಬಾಕ್ಸಿನ ಮೊದಲ ಗೇರು ನೋಡಿ: ಇಂಪಾಲಾದ್ದು 3.06, ಮರಾಡರಿನದು 2.84. ಎಲ್ಲವನ್ನೂ ಗುಣಿಸಿ ಭಾಗಿಸಿದರೆ ಮೊದಲ ಗೇರಿನಲ್ಲಿ ಎರಡೂ ಕಾರುಗಳ ಅನುಕೂಲ ಸರಿಸುಮಾರು ಒಂದೇ, ಮರಾಡರಿಗೆ ಶೇಕಡ ಒಂದರಷ್ಟು ಲಾಭ ಸಿಕ್ಕರೆ ಹೆಚ್ಚು. ಟಾರ್ಕಿನಲ್ಲಿ ಅದು ಶೇಕಡ ನಾಲ್ಕರಷ್ಟು ಹಿಂದಿದೆ. ಭಾರದಲ್ಲಿ ಇಂಪಾಲಾ ಸುಮಾರು 1830 ಕಿಲೋ, ಮರಾಡರ್ ಸುಮಾರು 1890. ಅಂದರೆ ಅದು ಯಾವಾಗಲೂ ಒಬ್ಬ ಆಸಾಮಿಯನ್ನು ಪುಕ್ಕಟೆ ಹತ್ತಿಸಿಕೊಂಡೇ ಓಡುತ್ತದೆ. ಕೂಡಿ ಕಳೆದರೆ, 302 ಇರುವ ಕಾರು 260 ಇರುವ ಕಾರಿಗಿಂತ ಹೊರಡುವ ಹೊತ್ತಿನಲ್ಲಿ ಕಿಲೋಗೆ ಶೇಕಡ ಐದಾರರಷ್ಟು ಕಡಿಮೆ ಎಳೆಯುತ್ತದೆ. ಎಲ್ಲಿ ಹೋಯಿತು ದೊಡ್ಡ ಸಂಖ್ಯೆ?

ಮೇಲಿನ ವೇಗಕ್ಕೆ ಹೋದ ಮೇಲೆ 302 ಮಾತಾಡತೊಡಗುತ್ತದೆ, ಇಲ್ಲವೆನ್ನುವುದಿಲ್ಲ. ಹಾಗಾಗಿಯೇ ಅಂದಿನ ಪತ್ರಿಕೆಗಳ ಪರೀಕ್ಷೆಗಳಲ್ಲಿ ಎರಡು ಕಾರುಗಳೂ ನಿಂತಲ್ಲಿಂದ ಹೊರಟು ಕಾಲು ಮೈಲನ್ನು 15ರಿಂದ 16 ಸೆಕೆಂಡುಗಳ ನಡುವೆ, ಒಂದಕ್ಕೊಂದು ಅಂಟಿಕೊಂಡಂತೆ ಮುಗಿಸಿದವು. 42 ಹಾರ್ಸ್‌ಪವರ್ ಹೆಚ್ಚಿದ್ದೂ ಏಳು ವರ್ಷ ಹಿರಿಯ ಕಾರನ್ನು ಹಿಂದೆ ಹಾಕಲು ಆಗಲಿಲ್ಲ ಎಂದರೆ ಸಂಖ್ಯೆ ಏನನ್ನು ಹೇಳಿತು? ಏನನ್ನು ಮುಚ್ಚಿಟ್ಟಿತು?

ಈ ಸಂಖ್ಯೆಯ ಮರುಳು ಇಂದಿನದಲ್ಲ ಬಿಡಿ. 1962ರಲ್ಲಿ 409 ಘನ ಇಂಚಿನ ಎಂಜಿನ್ನಿಗೆ ಸರಿಯಾಗಿ 409 ಹಾರ್ಸ್‌ಪವರ್ ಎಂದು ಜಾಹೀರಾತು ಬರೆದಿದ್ದ ನಾಡು ಇದು. ಎಷ್ಟು ಚೆಂದದ ಕಾಕತಾಳೀಯ ನೋಡಿ! ಆಗ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಅದು ಹೊರಬೇಕಾದ ಹೊರೆಗಳನ್ನೆಲ್ಲ ಬಿಚ್ಚಿ ಅಳೆಯುತ್ತಿದ್ದರು. 1972ರ ಮಾದರಿಗಳಿಂದ ಅಳತೆಯ ಕ್ರಮ ಬದಲಾಯಿತು, ಅದೇ ಎಂಜಿನ್ನುಗಳ ಸಂಖ್ಯೆ ಕಾಗದದ ಮೇಲೆ ದಡದಡನೆ ಇಳಿಯಿತು. ಮರಾಡರಿನ ಎಂಜಿನ್ನಿಗೆ ಹತ್ತಿರದ ನೆಂಟನಾದ 1999ರ ಮಸ್ಟಾಂಗ್ ಕೋಬ್ರಾಗೆ 320 ಎಂದು ಹೇಳಿದ್ದರು. ಮಾಲೀಕರು ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಿ ನೋಡಿದಾಗ ಅಷ್ಟು ಬರಲಿಲ್ಲ, ಫೋರ್ಡ್ ಕಂಪನಿಯೇ ಕಾರುಗಳನ್ನು ವಾಪಸು ಕರೆಸಿ ರಿಪೇರಿ ಮಾಡಿಕೊಟ್ಟಿತು. ಇಷ್ಟೆಲ್ಲ ಆದ ಮೇಲೂ ಫೋನು ಹಿಡಿದು "302 ದೊಡ್ಡದೋ" ಎಂದು ಕೇಳುತ್ತಾರೆ.

ಈಗ ಕೆಲವರು ಕಾಮೆಂಟಿನಲ್ಲಿ ಬರೆಯಲಿರುವುದನ್ನು ನಾನೇ ಮೊದಲು ಬರೆದುಬಿಡುತ್ತೇನೆ. ಮರಾಡರಿಗೆ 2003ರಲ್ಲಿ ಬಂದ ಹೊಸ ಚಾಸಿಸ್, ರ‍್ಯಾಕ್ ಆ್ಯಂಡ್ ಪಿನಿಯನ್ ಸ್ಟಿಯರಿಂಗ್ ಇದೆ, ತಿರುವಿನಲ್ಲಿ ಅದೇ ವಾಸಿ. ಹೌದು, ವಾಸಿ. ವುಡ್‌ವರ್ಡಿನಲ್ಲಿ ತಿರುವು ಎಲ್ಲಿದೆ, ತೋರಿಸಿ. ಇಂಪಾಲಾದ ಎಲ್‌ಟಿ1 ಎಂಜಿನ್ನಿನಲ್ಲಿ ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಯಾರೋ ಪುಣ್ಯಾತ್ಮರು ನೀರಿನ ಪಂಪಿನ ಕೆಳಗೇ ಕೂರಿಸಿದ್ದಾರೆ, ಪಂಪು ಸೋರಿದರೆ ಕಥೆ ಮುಗಿಯಿತು. ಅದೂ ನಿಜ. ಆದರೆ ನಾವು ಮಾತಾಡುತ್ತಿರುವುದು ಓಡುವ ಕಾರಿನ ಓಟದ ಬಗ್ಗೆ, ನಿಂತ ಕಾರಿನ ಜಾತಕದ ಬಗ್ಗೆ ಅಲ್ಲ. ಇನ್ನು "707 ಹಾರ್ಸ್‌ಪವರಿನ ಚಾರ್ಜರ್ ಹೆಲ್‌ಕ್ಯಾಟ್ ಬಂದುಹೋದ ಮೇಲೆ ಈ ಮುದುಕರ ಜಗಳವೇಕೆ" ಎನ್ನುವವರಿಗೆ ಒಂದೇ ಮಾತು: 2015ರಲ್ಲಿ ಬಂದ ಆ ಕಾರಿನಲ್ಲಿ ಸಿಗ್ನಲಿನಿಂದ ಹೊರಡುವಾಗ ಪೆಡಲನ್ನು ಪೂರ್ತಿ ಒತ್ತಿ ನೋಡಿ. ಹೊಗೆ ಬರುತ್ತದೆ, ಶಬ್ದ ಬರುತ್ತದೆ, ಕಾರು ಮಾತ್ರ ಇದ್ದಲ್ಲೇ ಇರುತ್ತದೆ. ಅಲ್ಲಿಯೂ ಗೆಲ್ಲುವುದು 707 ಅಲ್ಲ, ಟೈರು ಮತ್ತು ಪಾದದ ಹದ.

ಇಷ್ಟು ಹೊತ್ತು ಓದಿದ ಹೊಸಬರು ನಾನು ಇಂಪಾಲಾದ ಮಾಲೀಕನೆಂದು ತಿಳಿದಿರಬಹುದು. ಹಳಬರು ಒಳಗೊಳಗೇ ನಗುತ್ತಿರಬಹುದು, ನಗಿ. ನಮ್ಮ ಗ್ಯಾರೇಜಿನಲ್ಲಿ ಹದಿನೈದು ವರ್ಷಗಳಿಗೂ ಮೇಲಾಗಿ ನಿಂತಿರುವುದು ಮರಾಡರ್. ಕೊಂಡದ್ದು ಹೇಗೆ ಎನ್ನುವಿರೋ? ಅಂದು ನನ್ನ ಮುಂದೆ ಎರಡೂ ಕಾರುಗಳಿದ್ದವು, ಬೆಲೆ ಹತ್ತಿರ ಹತ್ತಿರ ಒಂದೇ. ನಾನೂ ಒಂದು ಹಾಳೆಯಲ್ಲಿ ಎರಡು ಸಂಖ್ಯೆ ಬರೆದು, ದೊಡ್ಡದಕ್ಕೆ ವೃತ್ತ ಹಾಕಿ, ಅದನ್ನೇ ಮನೆಗೆ ತಂದೆ. ಲಾರಿ ಡ್ರೈವರನ ಮಗ! "ಎಳೀತದಾ" ಎಂಬ ಒಂದು ಪ್ರಶ್ನೆ ಕೇಳುವ ಬುದ್ಧಿ ಬರಲಿಲ್ಲ.

ಮರುವರ್ಷ ಆಫೀಸಿನ ನಾಲ್ಕು ಜನರನ್ನು ಸಾಕ್ಷಿಗೆ ಕರೆದುಕೊಂಡು, ಎರಡು ಕಾರುಗಳು ಅಕ್ಕಪಕ್ಕ ನಿಂತು ನೇರ ಓಡುವ ಪಂದ್ಯದ ರಸ್ತೆಯಾದ ಡ್ರ್ಯಾಗ್ ಸ್ಟ್ರಿಪ್ಪಿಗೆ ಹೋಗಿದ್ದೆ. ಪಕ್ಕದ ಸಾಲಿನಲ್ಲಿ ನಿವೃತ್ತ ಮುದುಕರೊಬ್ಬರ 1996ರ ಇಂಪಾಲಾ ಎಸ್‌ಎಸ್ ಬಂದು ನಿಂತಾಗ ನಾನು ಆ ನಾಲ್ವರಿಗೆ ಹೇಳಿದ ಮಾತು ಅಕ್ಷರಶಃ ಇದು: "260 ಅಷ್ಟೇ, ನೋಡ್ತಾ ಇರಿ." ಹಸಿರು ದೀಪ ಬಿತ್ತು. ನನ್ನ ಎಂಜಿನ್ನು ಟಾರ್ಕು ಹುಡುಕಿಕೊಂಡು ಮೇಲಿನ ಸುತ್ತುಗಳಿಗೆ ಹತ್ತುವಷ್ಟರಲ್ಲಿ ಅವರ ಹಿಂದಿನ ದೀಪಗಳು ನನಗೆ ಕಾಣುತ್ತಿದ್ದವು. ಅರ್ಧ ದಾರಿ ದಾಟಿದ ಮೇಲೆ ಹತ್ತಿರ ಹತ್ತಿರ ಹೋದೆ, ಇನ್ನೇನು ಹಿಡಿದೆ ಎನ್ನುವಷ್ಟರಲ್ಲಿ ಕಾಲು ಮೈಲು ಮುಗಿದಿತ್ತು. ಅರ್ಧ ಕಾರಿನಷ್ಟು ಅಂತರದ ಸೋಲು. ಆ ಮುದುಕರು ಹೀಯಾಳಿಸಲೂ ಇಲ್ಲ. ನನ್ನ ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಒಳ್ಳೆಯ ಕಾರು" ಎಂದಷ್ಟೇ ಹೇಳಿ ಹೋದರು. ಹೀಯಾಳಿಸಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ. ನಿನ್ನೆ ಆ ಹುಡುಗನ ಬಾಯಲ್ಲಿ ನನ್ನದೇ ಮಾತು ಕೇಳಿದಾಗ ಮೈ ಉರಿದದ್ದು ಅದಕ್ಕೇ ಇರಬೇಕು.

ಗಾಯದ ಮೇಲೆ ಉಪ್ಪು ಸುರಿಯಲು ಮನೆಯಲ್ಲೇ ಇನ್ನೊಂದು ಕಾರಿದೆ. ನಮ್ಮವಳು ಆಫೀಸಿಗೆ ಓಡಿಸುವ 2018ರ ಕ್ಯಾಮ್ರಿ ವಿ6. ಅದರ ಹಾರ್ಸ್‌ಪವರ್ ಎಷ್ಟು ಗೊತ್ತೇ? 301. ನನ್ನದಕ್ಕಿಂತ ಒಂದು ಕಡಿಮೆ! ಎಂಟು ಗೇರು, ಸುಮಾರು ಕಾಲು ಟನ್ನಿಗೂ ಹೆಚ್ಚು ಹಗುರ; ಹೆದ್ದಾರಿಯ ರ‍್ಯಾಂಪಿನಲ್ಲಿ ತರಕಾರಿ ಚೀಲಗಳನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡೇ ನನ್ನನ್ನು ಹಿಂದೆ ಹಾಕಿ ಹೋಗುತ್ತಾಳೆ. ಒಂದು ಹಾರ್ಸ್‌ಪವರ್ ಹೆಚ್ಚಿರುವ ನಾನು ಅವಳ ಹಿಂದೆ ಗುಡುಗುತ್ತಾ ಬರುತ್ತೇನೆ. ಹುಡುಗನಿಗೆ ನಿನ್ನೆ ಇದನ್ನೂ ಹೇಳಬೇಕಿತ್ತು, ಆದರೆ ಪಕ್ಕದಲ್ಲಿ ಅವಳೇ ಕುಳಿತಿದ್ದರಿಂದ ಹೇಳಲಿಲ್ಲ.

ಮರಾಡರ್ ಕೊಂಡವರಲ್ಲಿ ತಿಳಿದವರು ಮೊದಲು ಮಾಡುವ ಕೆಲಸ ಹಿಂದಿನ 3.55 ತೆಗೆದು 4.10 ಕ್ರೌನ್-ಪಿನಿಯನ್ ಹಾಕಿಸುವುದು. ಸಂಖ್ಯೆ 302 ಆಗಿಯೇ ಉಳಿಯುತ್ತದೆ, ಕಾರು ಮಾತ್ರ ಬೇರೆಯಾಗುತ್ತದೆ. ಆ 4.10 ಸೆಟ್ಟು ನಮ್ಮ ಗ್ಯಾರೇಜಿನ ಮೇಲಿನ ಹಲಗೆಯಲ್ಲಿ ಪೆಟ್ಟಿಗೆ ಸಮೇತ ಎಷ್ಟೋ ವರ್ಷಗಳಿಂದ ಕುಳಿತಿದೆ. ಮೈಲೇಜಿನ ಪ್ರಶ್ನೆ ಎದ್ದಾಗಲೆಲ್ಲ ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿದ್ದೆ. ನಿನ್ನೆ ರಾತ್ರಿ ಏಣಿ ಹಾಕಿ ಕೆಳಗಿಳಿಸಿ, ಧೂಳು ಒರೆಸಿ, ಹಲ್ಲುಗಳನ್ನು ಎಣಿಸಿ ನೋಡಿದೆ, ಎಲ್ಲ ಸರಿಯಾಗಿವೆ. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾರನ್ನು ಜ್ಯಾಕ್ ಮೇಲೆ ಎತ್ತುತ್ತಿದ್ದೇನೆ. ಟಾರ್ಚು ಹಿಡಿಯಲು ಒಬ್ಬರು, ಬೋಲ್ಟು ಬಿಚ್ಚಲು ಗಟ್ಟಿಮುಟ್ಟಾದವರೊಬ್ಬರು ಬೇಕು. ಹುಡುಗ ಬರುತ್ತೇನೆ ಎಂದು ಈಗಾಗಲೇ ಮೆಸೇಜು ಹಾಕಿದ್ದಾನೆ. ಉಪ್ಪಿಟ್ಟು, ಕಾಫಿ ಇರುತ್ತದೆ.