ಪರ–ವಿರೋಧ: ಎಚ್ಚರ ತಪ್ಪಿದರೂ 'ಕುಲ್ಪಾ'ನೇ?

ಲ್ಯಾಟಿನ್ನಿನ 'ಕುಲ್ಪಾ' ಪದಕ್ಕೆ ತಪ್ಪು, ಹೊಣೆ, ಅಜಾಗರೂಕತೆ, ಪಾಪ ಎಂದೆಲ್ಲ ಅರ್ಥಗಳಿವೆ. ಬೇಕೆಂದೇ ಮಾಡಿದ ಕೆಡುಕಿಗೂ ಎಚ್ಚರ ತಪ್ಪಿ ಆದ ಕೆಡುಕಿಗೂ ಈ ಒಂದೇ ಹೆಸರು ಸರಿಯೇ? ಇಬ್ಬರು ಬರೆದಿದ್ದಾರೆ.

ಪರ: ಪೆಟ್ಟು ತಿಂದವರನ್ನು ಕೇಳಿ ನೋಡಿ

ರೋಮನ್ನರ ಕಾಲದ ಒಬ್ಬ ಕ್ಷೌರಿಕ. ಜನ ಚೆಂಡಾಡುವ ಜಾಗದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಒಬ್ಬ ಗುಲಾಮನ ಗಡ್ಡ ಹೆರೆಯುತ್ತಿದ್ದಾನೆ. ಯಾರೋ ಜೋರಾಗಿ ಹೊಡೆದ ಚೆಂಡು ಅವನ ಕೈಗೆ ಬಡಿಯಿತು. ಕತ್ತಿ ಗುಲಾಮನ ಕುತ್ತಿಗೆ ಕೊಯ್ದುಬಿಟ್ಟಿತು. ತಪ್ಪು ಯಾರದು?

ಇದು ನನ್ನ ಕಲ್ಪನೆಯಲ್ಲ. ಜಸ್ಟಿನಿಯನ್ ಚಕ್ರವರ್ತಿ 533ರಲ್ಲಿ ಜಾರಿಗೆ ತಂದ ಕಾನೂನು ಸಂಗ್ರಹದಲ್ಲಿ ಈ ಪ್ರಕರಣ ಇದೆ. ಪ್ರೊಕ್ಯುಲಸ್ ಎಂಬ ಪಂಡಿತ ಕುಲ್ಪಾ ಕ್ಷೌರಿಕನದು ಅಂದ. ಜನ ಆಡುವ ಜಾಗ ಅಂತ ಗೊತ್ತಿದ್ದೂ ಅಲ್ಲಿ ಯಾಕೆ ಕುರ್ಚಿ ಹಾಕಿದ? ಅವನಿಗೆ ಆ ಗುಲಾಮನ ಮೇಲೆ ದ್ವೇಷ ಇತ್ತಾ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ನನಗೆ ಈ ಪದ ಇಷ್ಟವಾಗುವುದು ಅದಕ್ಕೇ. ಕ್ರಿ.ಪೂ. 287ರ ಸುಮಾರಿನ ರೋಮಿನ ಅಕ್ವಿಲಿಯಾ ಕಾನೂನಿನಲ್ಲಿ ಇದ್ದದ್ದು 'ಅನ್ಯಾಯವಾಗಿ ನಷ್ಟ ಮಾಡಿದರೆ' ಎಂಬಷ್ಟೇ ಮಾತು. ಅನ್ಯಾಯವಾಗಿ ಅಂದರೆ ಏನು ಎಂದು ಯೋಚಿಸುತ್ತಾ ಹೋದವರು ಕುಲ್ಪಾಕ್ಕೆ ಬಂದು ನಿಂತರು. ಎಚ್ಚರದ ಮನುಷ್ಯನಿಗೆ ಮುಂದಾಗಿ ಕಾಣಬಹುದಾಗಿದ್ದನ್ನು ನೀನು ನೋಡಲಿಲ್ಲವೇ? ಅದೇ ಕುಲ್ಪಾ. ಹೀಗೆ ಹೇಳಿದವನು ಕ್ವಿಂಟುಸ್ ಮೂಕಿಯುಸ್ ಎಂಬ ರೋಮನ್ ಕಾನೂನು ಪಂಡಿತ. ಮರ ಹತ್ತಿ ಕೊಂಬೆ ಕಡಿಯುವವನು ಕೆಳಗೆ ಹೋಗುವವರಿಗೆ ಕೂಗಿ ಹೇಳದೆ ಕೊಂಬೆ ಬೀಳಿಸಿದರೆ ಅವನೂ ಹೊಣೆ. ಕೆಲಸ ಬಾರದವನು ಬರುತ್ತದೆ ಅಂತ ಕೈ ಹಾಕಿದರೆ ಅದೂ ಕುಲ್ಪಾ. ಹೇಸರಗತ್ತೆ ಹಿಡಿಯಲು ಬಾರದೆ ಜನರ ಮೇಲೆ ನುಗ್ಗಿಸಿದವನಿಗೂ, ಆಪರೇಷನ್ ಕೆಡಿಸಿದ ವೈದ್ಯನಿಗೂ ಒಂದೇ ಅಳತೆ.

ಈಗ ನಮ್ಮ ಅಪಾರ್ಟ್‌ಮೆಂಟಿನ ವಿಷಯಕ್ಕೆ ಬರುತ್ತೇನೆ. ಮೂರನೇ ಮಹಡಿಯವರು ಬಾಲ್ಕನಿ ಗೋಡೆಯ ಮೇಲೆ ಸಾಲಾಗಿ ಹೂಕುಂಡ ಇಟ್ಟಿದ್ದರು. ಕಂಬಿ ಇಲ್ಲ, ತಂತಿ ಇಲ್ಲ. ತೆಗೀರಿ ಅಂತ ವಾಚ್‌ಮನ್ ಹೇಳಿದ್ದ, ನಾನೂ ಹೇಳಿದ್ದೆ. "ಆಯ್ತು ಅಂಕಲ್" ಅಂದರು. ಮಳೆಗಾಲದ ಒಂದು ಸಂಜೆ ಕುಂಡವೊಂದು ನನ್ನ ಅತ್ತೆಯವರ ಭುಜದ ಮೇಲೆ ಬಿತ್ತು. ಹಾಲು ತರಲು ಹೊರಟಿದ್ದರು ಪಾಪ. ಮೂಳೆ ಮುರಿಯಿತು. ಇವತ್ತಿಗೂ ಆ ಕೈಯಲ್ಲಿ ತಲೆ ಬಾಚಿಕೊಳ್ಳಲು ಆಗುವುದಿಲ್ಲ.

ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ಮನೆಯವರದು ಒಂದೇ ಮಾತು. "ಬೇಕು ಅಂತ ಮಾಡಿದ್ವಾ ಅಂಕಲ್? ಗಾಳಿ ಬಂತು, ಬಿತ್ತು." ಕೂತಿದ್ದವರಲ್ಲಿ ಅರ್ಧ ಜನ ಹೌದೌದು ಅಂತ ತಲೆ ಆಡಿಸಿದರು! ಕಾರ್ಯದರ್ಶಿಗಳಂತೂ "ಗ್ರಹಚಾರ ಬಿಡಿ ಸಾರ್" ಅಂದುಬಿಟ್ಟರು. ಆಸ್ಪತ್ರೆಯ ಬಿಲ್ಲು ಮಾತ್ರ ಗ್ರಹಚಾರದ ಹೆಸರಿಗೆ ಬರಲಿಲ್ಲ, ನನ್ನ ಹೆಸರಿಗೇ ಬಂತು. ಗಾಳಿ ಬರುತ್ತೆ ಅಂತ ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಮುಂದಾಗಿ ಕಾಣಬಹುದಿತ್ತು. ನೋಡಲಿಲ್ಲ. ಮೂಕಿಯುಸ್ ಆ ಮೀಟಿಂಗಿಗೆ ಬಂದಿದ್ದರೆ ಐದು ನಿಮಿಷದಲ್ಲಿ ತೀರ್ಮಾನ ಕೊಟ್ಟು ಕಾಫಿ ಕುಡಿದು ಹೋಗುತ್ತಿದ್ದ.

ಆದರೂ ಕೆಲವರು ಉದ್ದೇಶ ಮುಖ್ಯ, ಮನಸ್ಸು ಮುಖ್ಯ ಅನ್ನುತ್ತಾರೆ. ಒಳ್ಳೆಯ ಮನಸ್ಸಿನವರು ಕುಂಡ ಬೀಳಿಸಿದರೆ ಅವರಿಗೆ ಹಾರ ಹಾಕಬೇಕೋ ಏನೋ. ಈ ವಾದಕ್ಕೆ ರೋಮನ್ನರೇ ಉತ್ತರ ಕೊಟ್ಟಿದ್ದಾರೆ. ಪೌಲುಸ್ ಎಂಬ ಕಾನೂನು ಪಂಡಿತ ಬರೆದಿಟ್ಟ ಸಾಲು ಚಿಕ್ಕದು: ದೊಡ್ಡ ಅಲಕ್ಷ್ಯ ಕುಲ್ಪಾ, ದೊಡ್ಡ ಕುಲ್ಪಾ ಮೋಸಕ್ಕೆ, ಅಂದರೆ ಬೇಕೆಂದೇ ಮಾಡಿದ ಕೆಡುಕಿಗೆ ಸಮ. ಅಂದರೆ ಅಲಕ್ಷ್ಯ ಬೆಳೆಯುತ್ತಾ ಹೋದರೆ ಮೋಸವನ್ನೇ ಮುಟ್ಟುತ್ತದೆ, ನಡುವೆ ಗೋಡೆ ಇಲ್ಲ. ಗೋಡೆ ಇದೆ ಅನ್ನುವವರು ಒಮ್ಮೆ ನಮ್ಮ ಅತ್ತೆಯವರ ಎಕ್ಸ್‌ರೇ ನೋಡಲಿ. ಮುರಿದದ್ದು ಬೇಕಂತಲೋ ಬೇಡಂತಲೋ ಅದರಲ್ಲಿ ಕಾಣುವುದಿಲ್ಲ.

ವಿರೋಧ: ಎಲ್ಲಕ್ಕೂ ಒಂದೇ ಹೆಸರು ಬೇಡ

ಸಂಪಾದಕರು 'ವಿರೋಧ ನಿಮಗೆ' ಅಂದರು. ಪೂರ್ತಿ ವಿರೋಧ ನನಗಿಲ್ಲ. ಹೇಳಬಹುದಾದಷ್ಟನ್ನು ಹೇಳುತ್ತೇನೆ.

ಕುಲ್ಪಾ ಬಹಳ ಸಡಿಲವಾದ ಪದ. ಅದು ನ್ಯಾಯಶಾಸ್ತ್ರದ ಪುಸ್ತಕದಲ್ಲಿ ಮಾತ್ರ ಇಲ್ಲ. ರೋಮನ್ ಕವಿ ವರ್ಜಿಲ್ ತನ್ನ ಮಹಾಕಾವ್ಯದಲ್ಲಿ ದಿದೋ ರಾಣಿಯ ಪ್ರೇಮಕ್ಕೆ ಇದೇ ಪದ ಬಳಸುತ್ತಾನೆ. ಆಕೆ ಅದನ್ನು ಮದುವೆ ಎಂದು ಕರೆದು, ಆ ಹೆಸರಿನಡಿ ತನ್ನ ಕುಲ್ಪಾ ಮುಚ್ಚಿಕೊಂಡಳು ಎನ್ನುತ್ತಾನೆ. ಕ್ಯಾಥೊಲಿಕ್ ಪೂಜೆಯಲ್ಲಿ ಭಕ್ತರು ಎದೆ ಬಡಿದುಕೊಂಡು 'ಮೆಯಾ ಕುಲ್ಪಾ', ಅಂದರೆ ನನ್ನ ತಪ್ಪು ಎಂದು ಮೂರು ಸಲ ಹೇಳುತ್ತಾರೆ, ಮೂರನೆಯದಕ್ಕೆ 'ಮಾಕ್ಸಿಮಾ' (ಅತಿ ದೊಡ್ಡ) ಸೇರುತ್ತದೆ. ಈಸ್ಟರ್ ಹಿಂದಿನ ರಾತ್ರಿಯ ಹಾಡಿನಲ್ಲಿ ಆದಾಮನ ಪಾಪಕ್ಕೆ 'ಫೆಲಿಕ್ಸ್ ಕುಲ್ಪಾ', ಅಂದರೆ ಸುದೈವದ ತಪ್ಪು ಎನ್ನುತ್ತಾರೆ. ಯೇಸುವಿನಂಥ ರಕ್ಷಕನನ್ನು ತಂದುಕೊಟ್ಟಿತಲ್ಲ, ಅದಕ್ಕೆ. ದಿದೋ, ಆದಾಮ, ಕ್ಷೌರಿಕ, ಮೂವರೂ ಒಂದೇ ಗುಂಪಿಗಾ? ಬೇಕೆಂದೇ ಮಾಡಿದ್ದಕ್ಕೆ ರೋಮನ್ನರಲ್ಲೇ 'ದೋಲುಸ್' ಎಂಬ ಬೇರೆ ಪದ ಇತ್ತು. ಘೋರ ಕೃತ್ಯಕ್ಕೆ 'ಸ್ಕೆಲುಸ್' ಇತ್ತು. ಇರುವ ಪದಗಳನ್ನು ಬಳಸಿದರೆ ಯಾರಿಗೆ ನಷ್ಟ?

ಪರ ಬರೆದವರು ಹೂಕುಂಡದ ಕಥೆ ಬಿಡುವುದಿಲ್ಲ, ಗೊತ್ತು. ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಾರೆ. ಆದರೆ ರೋಮನ್ನರು ಮೇಲಿನಿಂದ ಬೀಳುವ ವಸ್ತುಗಳ ವಿಷಯದಲ್ಲಿ ಕುಲ್ಪಾ ಯಾರದು ಎಂದು ಹುಡುಕಲೇ ಇಲ್ಲ. ಮನೆಯಿಂದ ಏನನ್ನಾದರೂ ಎಸೆದೋ ಸುರಿದೋ ಕೆಳಗೆ ನಷ್ಟವಾದರೆ ಅಲ್ಲಿ ವಾಸವಿರುವವನು ಎರಡರಷ್ಟು ಕೊಡಬೇಕು. ಸ್ವತಂತ್ರ ಮನುಷ್ಯ ಸತ್ತರೆ 50 ಚಿನ್ನದ ನಾಣ್ಯ. ಸೂರಿನಂಚಿನಲ್ಲಿ ಅಪಾಯದ ವಸ್ತು ಇಟ್ಟರೆ, ಅದು ಬೀಳದಿದ್ದರೂ 10 ನಾಣ್ಯ ದಂಡ. ಯಾರ ಮೇಲೂ ಕಳಂಕ ಹೊರಿಸದೆ ದುಡ್ಡು ವಸೂಲಿ. ನನಗೆ ಇದೇ ವಾಸಿ ಅನಿಸುತ್ತದೆ.

ಕ್ಷೌರಿಕನ ಕುಲ್ಪಾದಿಂದಲೂ ಹೊರಟದ್ದು ದುಡ್ಡಿನ ಲೆಕ್ಕವೇ. ಸತ್ತ ಗುಲಾಮನಿಗೆ ಹಿಂದಿನ ಒಂದು ವರ್ಷದಲ್ಲಿ ಇದ್ದ ಅತಿ ಹೆಚ್ಚಿನ ಬೆಲೆಯನ್ನು ಅವನ ಒಡೆಯನಿಗೆ ಕಟ್ಟಬೇಕಿತ್ತು. ಅಷ್ಟೆ.

ನಮ್ಮ ದೇಶಕ್ಕೆ ಬರುವ ಹೊತ್ತಿಗೆ ಪದ ತಿರುವುಮುರುವಾಗಿದೆ. 1860ರ ದಂಡ ಸಂಹಿತೆಯ 'ಕಲ್ಪಬಲ್ ಹೋಮಿಸೈಡ್' (ದಂಡನೀಯ ನರಹತ್ಯೆ) ಎಂಬ ಹೆಸರು ಹುಟ್ಟಿದ್ದು ಕುಲ್ಪಾದಿಂದಲೇ. ಆದರೆ ಅದಕ್ಕೆ ಕೊಲ್ಲುವ ಉದ್ದೇಶವೋ ಸಾಯಬಹುದೆಂಬ ಅರಿವೋ ಬೇಕು. ಅಜಾಗರೂಕತೆಯಿಂದ ಆದ ಸಾವಿಗೆ 1870ರಲ್ಲಿ 304ಎ ಎಂಬ ಬೇರೆ ಕಲಂ ಸೇರಿಸಿ, ಇದು ಕಲ್ಪಬಲ್ ಹೋಮಿಸೈಡ್ ಅಲ್ಲ ಎಂದು ಅಲ್ಲೇ ಬರೆದರು. ಅದರ ಬದಲು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲೂ ಆ ಮಾತು ಹಾಗೇ ಇದೆ. ರೋಮನ್ನರು ಯಾವುದನ್ನು ಕುಲ್ಪಾ ಅಂದರೋ ನಮ್ಮ ಕಾನೂನು ಅದನ್ನೇ ಕಲ್ಪಬಲ್ ಅಲ್ಲ ಅನ್ನುತ್ತದೆ!

ಪೆಟ್ಟು ತಿಂದವರಿಗೆ ಎರಡೂ ಒಂದೇ ಎಂಬ ವಾದ ಒಂದಿದೆಯಲ್ಲ. ಹಾಗಾದರೆ ಸಿಡಿಲಿನ ಮೇಲೂ ಕೇಸು ಹಾಕಿ. ಇನ್ನೂ ನೂರು ಪದಕ್ಕೆ ಜಾಗ ಇದೆ ಅಂದಿದ್ದರು ಸಂಪಾದಕರು. ಅದನ್ನು ಹೂಕುಂಡದವರಿಗೇ ಕೊಡಲಿ.