ಗಾಣಕ್ಕೆ ಕೊಟ್ಟ ಪೆನ್ನಿ

“ಐವತ್ತು ಸೆಂಟು ಕೊಟ್ಟು ಒಂದು ಸೆಂಟು ಹಾಳು ಮಾಡ್ಕೊಂಡ್ಯಾ?” ಶಿಕಾಗೊಗೆ ಬಂದಿದ್ದ ಅಮ್ಮ ಹೀಗೆ ಕೇಳಿದರು.

ಮೃಗಾಲಯದ ಬಾಗಿಲ ಹತ್ತಿರ ಒಂದು ಯಂತ್ರ ಇತ್ತು. ಎರಡು ಕ್ವಾರ್ಟರ್, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯ, ಜೊತೆಗೆ ಒಂದು ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಹಾಕಿ ಹಿಡಿ ತಿರುಗಿಸಬೇಕು. ಕಬ್ಬಿನ ಹಾಲಿನ ಗಾಣ ನೋಡಿದ್ದೀರಲ್ವಾ, ಹಾಗೇ ಎರಡು ರೋಲರ್ ನಡುವೆ ಪೆನ್ನಿ ನುಗ್ಗಿ, ಉದ್ದಕ್ಕೆ ಚಪ್ಪಟೆಯಾಗಿ, ಹೊಸ ಚಿತ್ರ ಹೊತ್ತು ಕೆಳಗೆ ಬೀಳುತ್ತದೆ. ಕಾಲಿಗೆ ಕಾಸು ತಗುಲಿದರೆ ಲಕ್ಷ್ಮಿ ಅಂತ ಕಣ್ಣಿಗೊತ್ತಿಕೊಳ್ಳುವ ಅಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ.

ಅಮೆರಿಕದಲ್ಲಿ ಈ ಹುಚ್ಚು ಶುರುವಾಗಿದ್ದು ಇದೇ ಊರಲ್ಲಿ, 1893ರ ವಿಶ್ವ ಮೇಳದಲ್ಲಿ. ಮೈಸೂರಿನ ಚಾಮರಾಜೇಂದ್ರ ಒಡೆಯರ ನೆರವೂ ಪಡೆದು ಬಂದ ವಿವೇಕಾನಂದರು ಇಲ್ಲಿ ಭಾಷಣ ಮಾಡಿದ್ದೂ ಅದೇ ವರ್ಷ. ಆ ಮೇಳದ ಒಂದು ಪೆನ್ನಿ ನನ್ನ ಹತ್ತಿರ ಇದೆ. ಚಿತ್ರಗಿತ್ರ ಏನಿಲ್ಲ, ಮೇಳದ ಹೆಸರು, ಇಸವಿ ಅಷ್ಟೇ. ಆದರೆ ತಿರುಗಿಸಿ ಬೆಳಕಿಗೆ ಹಿಡಿದರೆ, ಆಗಿನ ಪೆನ್ನಿಯ ಮೇಲಿದ್ದ ಗರಿ ಮುಡಿದ ತಲೆ ಎಳೆದ ರಬ್ಬರಿನ ಹಾಗೆ ಹಿಗ್ಗಿಕೊಂಡು, ಮಸುಕಾಗಿ ಕಾಣುತ್ತದೆ. ನನಗೆ ಅದೇ ಇಷ್ಟ. 1901ರ ಬಫೆಲೊ ಮೇಳದ ಪೆನ್ನಿಯಲ್ಲಿ ಕಾಡೆಮ್ಮೆ ಬಂತು. ಆಮೇಲೆ ಸೇಂಟ್ ಲೂಯಿಸ್, ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ಮೇಳಗಳದ್ದೂ ಬಂದವು.

ಸಂಗ್ರಹಕಾರರು ಹೊಸ ಪೆನ್ನಿ ಒತ್ತಿಸುವುದಿಲ್ಲ. 1982ರಿಂದ ಈಚೆಗೆ ಒಳಗೆಲ್ಲ ಸತು, ಮೇಲೆ ತಾಮ್ರದ ಲೇಪ ಅಷ್ಟೇ. ಹಿಂಡಿದರೆ ಬಿಳಿ ಗೆರೆ ಎದ್ದುಬಿಡುತ್ತದೆ. ಹಾಗಾಗಿ ಜೇಬಿನಲ್ಲಿ ಹಳೇ ತಾಮ್ರದ್ದನ್ನು ಇಟ್ಟುಕೊಂಡೇ ತಿರುಗುತ್ತಾರೆ, ನಾನೂ ಸೇರಿ. ಈಗ ಮಾಲು, ಪೆಟ್ರೋಲ್ ಬಂಕಿನಲ್ಲೂ ಯಂತ್ರ ಸಿಗುತ್ತದೆ. ಅದು ನನಗೆ ರುಚಿಸುವುದಿಲ್ಲ. ಬಂಕಿನ ನೆನಪು ಯಾರಿಗೆ ಬೇಕು?

ಮೋಸ ಮಾಡುವ ಉದ್ದೇಶ ಇಲ್ಲದಿದ್ದರೆ ಇಲ್ಲಿ ನಾಣ್ಯ ಹಿಂಡುವುದು ಅಪರಾಧವಲ್ಲ. ನಮ್ಮಲ್ಲಿ 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಹಾಳು ಮಾಡಿದರೆ 7 ವರ್ಷದವರೆಗೂ ಜೈಲು. ಚಿಕ್ಕಂದಿನಲ್ಲಿ ರೈಲು ಹಳಿ ಮೇಲೆ ಐದು ಪೈಸೆ ಇಟ್ಟು ಕಾದವರು ನಾವು. ಸಿಕ್ಕಿಬಿದ್ದಿದ್ದರೆ ಹೆದರಬೇಕಾಗಿದ್ದು ಮಾತ್ರ ಅಪ್ಪನಿಗೆ! ಇನ್ನು ಲಕ್ಷ್ಮಿ ಅನ್ನುವ ಮಾತು: ಹಿಂದೆ ಚಿನ್ನದ ನಾಣ್ಯಕ್ಕೇ ಕೊಂಡಿ ಬೆಸೆದು ಕಾಸಿನ ಸರ ಮಾಡಿಸಿಕೊಂಡವರೂ ನಾವೇ. ಇದನ್ನು ಹೇಳಿದೆ. ಅಮ್ಮ “ಅದು ಬೇರೆ” ಅಂದರು.

ಬೇರೆ ನಿಜ. ಇಲ್ಲಿನವರು ಒಂದು ಸೆಂಟಿನ ಬೆಲೆ ಕೊಂದು ಇಸವಿ ಉಳಿಸಿಕೊಳ್ಳುತ್ತಾರೆ. ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ಮೈಸೂರು ದಸರಾ ವಸ್ತುಪ್ರದರ್ಶನಕ್ಕೆ ಎಷ್ಟು ಸಲ ಹೋಗಿದ್ದೇವೆ! ಹಪ್ಪಳ ತಿಂದು, ಬಲೂನು ಒಡೆದು ಬಂದೆವು. ಇಸವಿ ಇರುವ ಒಂದು ಚೂರೂ ಮನೆಯಲ್ಲಿಲ್ಲ.

“ನಾವು ಮೊದಲ ಸಲ ಹೋಗಿದ್ದು ಯಾವ ವರ್ಷ?” ಅಂತ ಅಮ್ಮನನ್ನು ಕೇಳಿದೆ.

“ನೀನು ಜಾಯಿಂಟ್ ವೀಲ್ ಹತ್ರ ಕಳೆದುಹೋಗಿದ್ದೆಯಲ್ಲ, ಆ ವರ್ಷ.”