ಸತ್ಯಾಂಶ: ಸೊಂಟ ಹಿಡಿದರೆ ತಿಂಗಳು ಮಲಗಬೇಕಾ?

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಕಲಬುರಗಿ ಕಡೆ ವಾಟ್ಸಾಪ್‌ನಲ್ಲಿ ಈ ಮೆಸೇಜ್ ಓಡಾಡುತ್ತದೆ: 'ಸೊಂಟ ನೋವಾ? ಬೆಲ್ಟ್ ಬಿಗಿದು ಒಂದು ತಿಂಗಳು ಅಲುಗಾಡದೆ ಮಲಗಿ.' ಕೂಲಿ ಬಿಟ್ಟು ತಿಂಗಳು ಮಲಗೋಕೆ ಯಾರಿಂದ ಆಗುತ್ತೆ, ಅಲ್ವಾ? ಪುಣ್ಯಕ್ಕೆ, ಆ ಮಾತೇ ತಪ್ಪು.

ದಿನವಿಡೀ ಬಗ್ಗಿ ತೊಗರಿ ಕೊಯ್ದು, ಸಂಜೆ ಚೀಲ ಹೊತ್ತವರಿಗೆ ಬರುವ ನೋವು ಹೆಚ್ಚಾಗಿ ದಣಿದ ಸ್ನಾಯುಗಳದ್ದು. ಸುಮ್ನೆ ಮಲಗಿದರೆ ಅವು ಸೊರಗುತ್ತವೆ, ಸೊಂಟ ಇನ್ನೂ ಬಿಗಿಯುತ್ತದೆ. ಒಂದೆರಡು ದಿನ ಭಾರ ಬಿಡಿ. ನಡೆದಾಡುವುದನ್ನು ಬಿಡಬೇಡಿ.

ಬೆಲ್ಟ್? ದೀರ್ಘಕಾಲದ ಸೊಂಟ ನೋವಿಗೆ ಅದು ಮಾಮೂಲಿ ಚಿಕಿತ್ಸೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಚೀಲವನ್ನು ಮೈಗೆ ಒತ್ತಿ ಹಿಡಿದು ಎತ್ತಿದರೆ ಸೊಂಟಕ್ಕೆ ಭಾರ ಕಡಿಮೆ.

ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ತಡಮಾಡಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.